ಹಿರೇಗುಡ್ಡಕ್ಕೆ ಹೋಗುವುದಾದರೆ ಕರಿಕಲ್ಲಿನ ಪಟ್ಟೆ ಹಿಡಿದು ಹೋಗಿ

ಬಳ್ಳಾರಿ ಪಕ್ಕದ ಸಂಗನಕಲ್ಲು, ಕಪ್ಪಗಲ್ಲಿನ ಗುಡ್ಡಗಳಿಗೆ (ಹಿರೇಗುಡ್ಡ ಇವುಗಳಲ್ಲೊಂದು) ಕಾಲಿಡುವ ಮೊದಲು ನಾನು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತೇನೆ. ಜೊತೆಗೆ ಬರುವವರಿಗೂ ಅದನ್ನೇ ಹೇಳುವುದು. ಕಲ್ಗೊಡಲಿಯ ಆಕಾರ ಕಣ್ಣಲ್ಲಿ ಕೂತಿರದಿದ್ದರೆ ಗುಡ್ಡದ ಮೇಲೆ ಕಾಲಡಿ ಸಿಗುವುದೆಲ್ಲ ಬರೀ ಜಲ್ಲಿಯಾಗಿ ಕಾಣುತ್ತದೆ. ಬ್ರಿಟಿಷ್ ಭೂವಿಜ್ಞಾನಿ ಫೂಟ್ ಈ ಗುಡ್ಡಗಳ ನೆಲೆಯನ್ನು ಗುರುತಿಸಿದ್ದು 1872ರಲ್ಲಿ. ಪುರಾತತ್ವಜ್ಞ ಸುಬ್ಬರಾವ್ ಅಗೆದದ್ದು 1940ರ ದಶಕದಲ್ಲಿ.

ಡಿಸೆಂಬರ್, ಜನವರಿ ಒಳ್ಳೆಯದು. ಬೆಳಗ್ಗೆ ಆರೂವರೆಗೆ ಹತ್ತಲು ಶುರುಮಾಡಿ ಹತ್ತೂವರೆಯೊಳಗೆ ಇಳಿದುಬಿಡುತ್ತೇನೆ. ಆಮೇಲೆ ಬಂಡೆ ಕಾದ ಹೆಂಚು. ತಲೆಗೆ ಮೂರು ಲೀಟರ್ ನೀರು, ಹಿಡಿತವಿರುವ ಬೂಟು, ಎದೆಮಟ್ಟದ ಕೋಲು, ಕಪ್ಪು ಛತ್ರಿ, ಚಿಕ್ಕ ಟಾರ್ಚ್. ಛತ್ರಿ ಬಿಸಿಲಿಗಷ್ಟೇ ಅಲ್ಲ.

ಮೇಲೆ ಕೋಟೆಗೋಡೆ ಹುಡುಕಬೇಡಿ. ಆನೆಗಾತ್ರದ ಗ್ರಾನೈಟ್ ಬಂಡೆಗಳ ನಡುವೆ ಸಿಗುವ ಸಮತಟ್ಟು ಜಾಗಗಳೇ ನವಶಿಲಾಯುಗದವರ ಊರು. ಕೊರಲೆ, ಹುರುಳಿ, ಹೆಸರು ಬೆಳೆದು ದನ ಸಾಕಿದವರು ಅವರು. ಅವರ ಕಸುಬು ಗುರುತಿಸಲು ಕರಿಕಲ್ಲಿನ ಪಟ್ಟೆ ಹಿಡಿಯಬೇಕು: ಗ್ರಾನೈಟನ್ನು ಸೀಳಿಕೊಂಡು ಹೋದ ಡೊಲೆರೈಟ್. ಕಲ್ಗೊಡಲಿ ಮಾಡುತ್ತಿದ್ದದ್ದು ಇದರಿಂದಲೇ. ಮೊದಲು ಚಕ್ಕೆ ಎಬ್ಬಿಸಿ ಆಕಾರ, ಆಮೇಲೆ ಕುಟ್ಟಿ ಉಬ್ಬುತಗ್ಗು ತೆಗೆಯುವುದು, ಕೊನೆಗೆ ನೀರು ಹಾಕಿ ಬಂಡೆಗೆ ಉಜ್ಜಿ ಅಂಚು ಕೊಡುವುದು. ಹಾಗೆ ಉಜ್ಜಿದ ತಗ್ಗುಗಳು ಗ್ರಾನೈಟಿನ ಮೇಲೆ ಇನ್ನೂ ಇವೆ. ಕಣ್ಣಿಗೆ ತಪ್ಪಿದರೂ ಬೆರಳಿಗೆ ತಪ್ಪುವುದಿಲ್ಲ: ಸುತ್ತಲೂ ಮರಳುಕಾಗದದಂಥ ತರಿ, ತಗ್ಗಿನೊಳಗೆ ಮಾತ್ರ ಹಳೇ ಒರಳಿನ ಒಳಮೈಯಂಥ ನುಣುಪು. ಚಕ್ಕೆಗಳನ್ನು ಎತ್ತಿ ನೋಡಿದರೆ ಅದೇ ಜಾಗಕ್ಕೆ ಇಡಿ, ಜೇಬಿಗೆ ಹಾಕಬೇಡಿ. ಜಾಗ ಬಿಟ್ಟ ಚಕ್ಕೆ ಸಾಕ್ಷಿ ಹೇಳದು.

ಕಾಲು ಉಳುಕುವುದು ಈ ಪಟ್ಟೆಯ ಮೇಲೆಯೇ. ಕರಿಗುಂಡುಗಳು ಒಂದರ ಮೇಲೊಂದು ಸಡಿಲವಾಗಿ ಕೂತಿವೆ, ಬುಡದಲ್ಲಿ ಮಣ್ಣಿಲ್ಲ. ಕೋಲಿನಿಂದ ಒತ್ತಿ ನೋಡಿಯೇ ಹೆಜ್ಜೆ ಇಡಬೇಕು. ಸಂದಿಗೆ ಕೈ ಹಾಕಬಾರದು, ಹಾವಿರುತ್ತವೆ. ಆದರೆ ಕೆಲವು ಗುಂಡುಗಳು ಗಂಟೆಯಂತೆ ದನಿ ಕೊಡುವುದೂ ಹೀಗೆ ಎರಡು ಮೂರು ಕಡೆ ಮಾತ್ರ ಆತುಕೊಂಡಿರುವುದರಿಂದಲೇ. ಬಡಿದು ಬಡಿದು ಬಿದ್ದ ಕುಳಿಗಳು ಅವುಗಳ ಮೇಲಿವೆ. ಕಬ್ಬಿಣ, ಕಲ್ಲು ಬೇಡ. ಬೆರಳ ಗೆಣ್ಣು ಸಾಕು.

ಉದ್ದ ಕೊಂಬಿನ ಎತ್ತುಗಳ ಕುಟ್ಟುಚಿತ್ರಗಳು, ಅಂದರೆ ಬಂಡೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಮೂಡಿಸಿದವು, ನೇರ ಬಿಸಿಲಿನಲ್ಲಿ ಮಾಯವಾಗುತ್ತವೆ. ಛತ್ರಿಯ ನೆರಳು ಮಾಡಿ, ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ, ಪಕ್ಕದಿಂದ ಓರೆಯಾಗಿ ಹಿಡಿದರೆ ಒಂದೊಂದು ಚುಕ್ಕೆಗೂ ನೆರಳು ಬಿದ್ದು ಕೊಂಬು ಎದ್ದು ಬರುತ್ತದೆ. ಹಳೇ ಚುಕ್ಕೆ ಕಲ್ಲಿನ ಬಣ್ಣಕ್ಕೇ ಮಾಗಿರುತ್ತದೆ. ಬೆಳ್ಳಗೆ ಹೊಳೆದರೆ ಈಚಿನವರ ಕೆಲಸ. ಫೋಟೋಕ್ಕೆಂದು ಸೀಮೆಸುಣ್ಣ ಬಳಿಯುವವರನ್ನು ಕಂಡರೆ ಕೈ ಹಿಡಿದು ತಡೆಯಿರಿ. ಕುಳಿಯೊಳಗೆ ಕೂತ ಪುಡಿ ಬಿಡಿಸಲು ಹೋದರೆ ಶತಮಾನಗಳಿಂದ ಮಾಗಿದ ಕಲ್ಲಿನ ಮೇಲ್ಪದರವೂ ಜೊತೆಗೇ ಬರುತ್ತದೆ.

ಇಳಿಯುವಾಗ ಬಂದ ದಾರಿಯನ್ನೇ ಹಿಡಿಯಿರಿ. ಹತ್ತುವಾಗ ತಿರುವಿನಲ್ಲೆಲ್ಲ ಹಿಂದೆ ತಿರುಗಿ ಒಂದು ಗುರುತು ನೋಡಿಟ್ಟುಕೊಳ್ಳುವುದು ಅದಕ್ಕೇ. ಕೆಳಮುಖವಾದಾಗ ಬಂಡೆಗಳೆಲ್ಲ ಒಂದೇ ಥರ ಕಾಣುತ್ತವೆ.