ಕೈ ಹಿಡ್ಕೊಂಡ್ರು ಅಂದ್ರೆ ಪ್ರಜ್ಞೆ ಬಂತು ಅಂತಾನಾ? ಐಸಿಯು ಹಾಸಿಗೆ ಪಕ್ಕ ಕೂತವರಿಗೆ

ನಮ್ಮ ಚಿಕ್ಕಪ್ಪ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಐಸಿಯು ಸೇರಿದ್ದರು. ಹನ್ನೆರಡನೇ ದಿನ ಸಂಜೆ ಚಿಕ್ಕಮ್ಮ ಒಳಗಿಂದ ಅಳುತ್ತಾ ಬಂದರು. ಖುಷಿಯ ಅಳು. "ನನ್ನ ಕೈ ಹಿಡ್ಕೊಂಡ್ರು ಕಣೋ, ಗಟ್ಟಿಯಾಗಿ!" ಐದೇ ನಿಮಿಷದಲ್ಲಿ ಶಿವಮೊಗ್ಗದಿಂದ ದುಬೈವರೆಗೆ ಎಲ್ಲರಿಗೂ ಫೋನ್ ಹೋಯಿತು. ಆಮೇಲೆ ಡ್ಯೂಟಿ ಡಾಕ್ಟರು ಬಂದು "ರಿಫ್ಲೆಕ್ಸ್ ಇರಬಹುದು, ಈಗಲೇ ಏನೂ ಹೇಳಕ್ಕಾಗಲ್ಲ" ಅಂದು ಹೊರಟೇ ಹೋದರು. ನಮಗೆಲ್ಲ ಸಿಟ್ಟು ಬಂತು. ಅವರು ಹೇಳಿದ್ದು ಸರಿ ಅಂತ ಗೊತ್ತಾಗೋಕೆ ಸ್ವಲ್ಪ ದಿನ ಹಿಡಿಯಿತು. ಆ ದಿನಗಳಲ್ಲಿ ನಾನು ಓದಿ, ಕೇಳಿ, ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಇದು ಚಿಕಿತ್ಸೆಯ ಸಲಹೆಯೂ ಅಲ್ಲ. ಪಕ್ಕದಲ್ಲಿ ಕೂತವರು ಏನನ್ನು ಹೇಗೆ ನೋಡಬೇಕು ಅನ್ನೋದಷ್ಟೇ.

ಮೊದಲು ರಿಫ್ಲೆಕ್ಸ್ ಅಂದರೇನು ಅಂತ ನಿಮ್ಮ ಮೈ ಮೇಲೇ ನೋಡಿಕೊಳ್ಳಿ. ಕಾದ ದೋಸೆ ಕಾವಲಿಗೆ ಬೆರಳು ತಾಗಿದರೆ ಕೈ ಹಿಂದಕ್ಕೆ ಬಂದಿರುತ್ತದೆ, "ಅಯ್ಯೋ ಸುಡ್ತು" ಅನ್ನೋದು ಆಮೇಲೆ. ಕೈ ಎಳೆಯೋ ಆರ್ಡರ್ ಕೊಟ್ಟಿದ್ದು ಬೆನ್ನುಹುರಿ. ಮೆದುಳಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ. ಇನ್ನೊಂದು: ಎತ್ತರದ ಸ್ಟೂಲ್ ಮೇಲೆ ಕೂತು ಕಾಲು ಇಳಿಬಿಡಿ, ಮಂಡಿ ಚಿಪ್ಪಿನ ಕೆಳಗಿರುವ ಗಟ್ಟಿ ಹುರಿಯ ಮೇಲೆ ಅಂಗೈಯ ಅಂಚಿನಿಂದ ಒಂದು ಏಟು ಹಾಕಿಸಿಕೊಳ್ಳಿ. ಕಾಲು ತಾನಾಗೇ ಮುಂದಕ್ಕೆ ಚಿಮ್ಮುತ್ತದೆ. ಚಿಮ್ಮದಿದ್ದರೆ ಎರಡೂ ಕೈಬೆರಳುಗಳನ್ನು ಕೊಕ್ಕೆ ಹಾಕಿ ಜೋರಾಗಿ ಎಳೆಯುತ್ತಾ ಮತ್ತೆ ಹೊಡೆಸಿಕೊಳ್ಳಿ, ಆಗ ಸಾಮಾನ್ಯವಾಗಿ ಬರುತ್ತದೆ. 1880ರ ದಶಕದಲ್ಲಿ ಹಂಗೆರಿಯ ಯೆಂಡ್ರಾಸಿಕ್ ಅನ್ನೋ ವೈದ್ಯರು ಕಂಡುಕೊಂಡ ಉಪಾಯ ಇದು, ಡಾಕ್ಟರುಗಳು ಇವತ್ತಿಗೂ ಬಳಸುತ್ತಾರೆ.

ಈಗ ಹಸುಗೂಸಿನ ಅಂಗೈಯಲ್ಲಿ ಬೆರಳಿಟ್ಟು ನೋಡಿ. ಹಿಡಿದರೆ ಬಿಡೋದೇ ಇಲ್ಲ. "ನನ್ನ ಗುರುತು ಹಿಡೀತು" ಅಂತ ಅಜ್ಜಿಯರು ಖುಷಿಪಡುತ್ತಾರೆ. ಅದು ಗ್ರಾಸ್ಪ್ ರಿಫ್ಲೆಕ್ಸ್. ಐದಾರು ತಿಂಗಳಾಗುವ ಹೊತ್ತಿಗೆ ಮೆದುಳಿನ ಮುಂಭಾಗ ಬಲಿತು ಅದನ್ನು ಅದುಮಿಡುತ್ತದೆ. ಅದೇ ಮುಂಭಾಗಕ್ಕೆ ಪೆಟ್ಟು ಬಿದ್ದರೆ ಐವತ್ತೈದು ವರ್ಷದವರಲ್ಲೂ ಅದು ವಾಪಸ್ ಬರುತ್ತದೆ. ಚಿಕ್ಕಮ್ಮನ ಕೈ ಹಿಡಿದದ್ದು ಇದೇ ಇರಬಹುದಿತ್ತು. ಗಟ್ಟಿಯಾಗಿ ಹಿಡಿದರು ಅನ್ನೋದರಿಂದ ಏನೂ ಗೊತ್ತಾಗೋದಿಲ್ಲ, ಕೂಸು ಕೂಡ ಗಟ್ಟಿಯಾಗೇ ಹಿಡಿಯುತ್ತದಲ್ವಾ.

ಹಾಗಾಗಿ ದಯವಿಟ್ಟು "ಕೈ ಹಿಡ್ಕೊಳ್ಳಿ" ಅಂತ ಕೇಳಬೇಡಿ. "ಕೈ ಬಿಡಿ" ಅಂತ ಕೇಳಿ. ಅಂಗೈಗೆ ಏನಾದರೂ ತಾಗಿದರೆ ಹಿಡಿಯೋದು ರಿಫ್ಲೆಕ್ಸಿಗೂ ಬರುತ್ತದೆ, ಮಾತು ಕೇಳಿಸಿಕೊಂಡು ಬಿಡೋದು ಬರೋದಿಲ್ಲ. ಅದಕ್ಕಿಂತಲೂ ಒಳ್ಳೇದು, ಅವರ ಕೈ ಮುಟ್ಟದೇನೇ "ಹೆಬ್ಬೆರಳು ಎತ್ತಿ", "ನಾಲಿಗೆ ತೋರಿಸಿ" ಅನ್ನೋದು.

ಇನ್ನು ಡಾಕ್ಟರ ಬಾಯಲ್ಲಿ ಬರುವ ಪದಗಳು. ಕೋಮಾ ಅಂದರೆ ಕಣ್ಣು ಮುಚ್ಚಿರುತ್ತದೆ, ಏನು ಮಾಡಿದರೂ ಎಚ್ಚರ ಆಗೋದಿಲ್ಲ. ಇದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಕ್ಕಿಂತ ಜಾಸ್ತಿ ಇರೋದಿಲ್ಲ. ಸಿನಿಮಾದಲ್ಲಿ ಇಪ್ಪತ್ತು ವರ್ಷ ಕಣ್ಣು ಮುಚ್ಚಿ ಮಲಗಿ ಒಂದು ಹಾಡಿಗೆ ಎದ್ದು ಕೂರುತ್ತಾರಲ್ಲ, ಅದನ್ನು ಮರೆತುಬಿಡಿ. ಬದುಕುಳಿದವರು ಕಣ್ಣು ಬಿಡುತ್ತಾರೆ. ಮನೆಯವರು ಎಡವೋದು ಇಲ್ಲೇ. ಕಣ್ಣು ಬಿಡುತ್ತದೆ, ಮುಚ್ಚುತ್ತದೆ, ಆಕಳಿಕೆ ಬರುತ್ತದೆ, ಹಲ್ಲು ಕಡಿಯುತ್ತಾರೆ, ಒಮ್ಮೊಮ್ಮೆ ಕಣ್ಣೀರೂ ಬರುತ್ತದೆ, ಆದರೆ ಒಳಗೆ ಅರಿವಿದೆ ಅನ್ನೋಕೆ ಒಂದೂ ಸಾಕ್ಷಿ ಸಿಗೋದಿಲ್ಲ. ಇದಕ್ಕೆ ವೆಜಿಟೇಟಿವ್ ಸ್ಟೇಟ್ ಅಂತಾರೆ. ಆ ಪದ ಕೇಳೋಕೆ ಹಿಂಸೆ ಅಂತ 2010ರಿಂದ ಬೇರೆ ಹೆಸರೂ ಬಳಕೆಯಲ್ಲಿದೆ, ಎಚ್ಚರವಿದೆ ಆದರೆ ಸ್ಪಂದನೆಯಿಲ್ಲ ಅನ್ನೋ ಅರ್ಥದ್ದು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಮಿನಿಮಲಿ ಕಾನ್ಶಿಯಸ್. ಅರಿವು ಇದೆ, ಆದರೆ ನಮ್ಮೂರಿನ ಕರೆಂಟ್ ಥರ ಬಂದು ಹೋಗಿ ಮಾಡುತ್ತದೆ.

ಕೇಸ್ ಶೀಟ್ ಮೇಲೆ ಇ, ವಿ, ಎಂ ಅಂತ ಮೂರು ಅಂಕಿ ಕಾಣಿಸುತ್ತವೆ. ಎಚ್ಚರ ಎಷ್ಟಿದೆ ಅಂತ ನೋಡೋಕೆ 1974ರಲ್ಲಿ ಗ್ಲಾಸ್ಗೋದ ವೈದ್ಯರಾದ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿಕೊಟ್ಟ ಅಳತೆ. ಹೆಚ್ಚೆಂದರೆ ಕಣ್ಣಿಗೆ (ಇ) 4, ಮಾತಿಗೆ (ವಿ) 5, ಚಲನೆಗೆ (ಎಂ) 6, ಒಟ್ಟು 15. ಏನೂ ಇಲ್ಲದಿದ್ದರೂ 3 ಇರುತ್ತದೆ, ಸೊನ್ನೆ ಇಲ್ಲ. ಗಂಟಲಲ್ಲಿ ಟ್ಯೂಬ್ ಇದ್ದರೆ ವಿ ಪಕ್ಕ ಟಿ ಅಂತ ಬರೆದಿರುತ್ತಾರೆ. ನೀವು ಒಟ್ಟು ಸಂಖ್ಯೆ ಕೇಳೋದು ಬಿಟ್ಟು "ಎಂ ಎಷ್ಟು?" ಅಂತ ಕೇಳಿ. ಎಂ 4 ಅಂದರೆ ನೋವಾದರೆ ಕೈ ಎಳೆದುಕೊಳ್ಳುತ್ತಾರೆ, ಕಾವಲಿ ಮುಟ್ಟಿದ ಹಾಗೆ. ಎಂ 5 ಅಂದರೆ ನೋವಾದ ಜಾಗ ಹುಡುಕಿಕೊಂಡು ಕೈ ಬರುತ್ತದೆ. ಎಂ 6 ಅಂದರೆ ಹೇಳಿದ ಮಾತು ಕೇಳುತ್ತಾರೆ. ನಾವು ಕಾಯುತ್ತಿರೋದು ಆ 6ಕ್ಕೆ.

ಸರಿ, ನೋಡೋದು ಹೇಗೆ? ಮೊದಲು ನರ್ಸ್ ಹತ್ತಿರ ಎರಡು ವಿಷಯ ಕೇಳಿ: ನಿದ್ದೆ ಔಷಧಿ ಯಾವಾಗ ಕೊಟ್ಟಿದ್ದು, ದಿನದಲ್ಲಿ ಯಾವಾಗ ಎಚ್ಚರ ಜಾಸ್ತಿ ಇರುತ್ತದೆ. ಕನ್ನಡಕ ಹಾಕುವವರಾದರೆ ಹಾಕಿ, ಕಿವಿ ಮೆಷಿನ್ ಇದ್ದರೆ ಅದನ್ನೂ ಹಾಕಿ. ಸುಮ್ನೆ ಒಂದು ನಿಮಿಷ ಏನೂ ಮಾತಾಡದೆ ನೋಡುತ್ತಾ ಕೂತುಕೊಳ್ಳಿ. ತಾನಾಗೇ ಎಷ್ಟು ಸಲ ಬೆರಳು ಅಲ್ಲಾಡುತ್ತದೆ, ಎಷ್ಟು ಸಲ ಬಾಯಿ ತೆರೆಯುತ್ತದೆ, ಎಣಿಸಿ. ಈ ಎಣಿಕೆ ಇಲ್ಲದಿದ್ದರೆ ಮುಂದಿನದೆಲ್ಲ ವೇಸ್ಟ್, ಯಾಕಂದರೆ ಹೇಗಿದ್ದರೂ ಅಲ್ಲಾಡುವ ಬೆರಳನ್ನೇ ನೀವು ಉತ್ತರ ಅಂದುಕೊಳ್ಳುತ್ತೀರಿ.

ಆಮೇಲೆ ಅವರ ಭಾಷೆಯಲ್ಲಿ ಹೇಳಿ. ಇದು ನಮ್ಮ ಕಡೆ ತುಂಬಾ ಮುಖ್ಯ. ಐಸಿಯುನಲ್ಲಿ "ಓಪನ್ ಯುವರ್ ಐಸ್", "ಹಾಥ್ ಉಠಾವೋ" ಅಂತ ಕೇಳುತ್ತಿರುತ್ತಾರೆ, ಮಲಗಿರೋರಿಗೆ ಬರೋದು ತುಳು ಮಾತ್ರ. ಚಿಕ್ಕಪ್ಪನ್ನ ಎಲ್ಲರೂ ಆಧಾರ್ ಕಾರ್ಡಿನ ಹೆಸರು ಹಿಡಿದು ಕರೆಯುತ್ತಿದ್ದರು. ಮನೇಲಿ ಯಾರೂ ಒಂದು ದಿನ ಆ ಹೆಸರಲ್ಲಿ ಕರೆದಿಲ್ಲ. ಮನೆಯ ಹೆಸರು, ಮನೆಯ ಮಾತು, ಒಂದು ಸಲಕ್ಕೆ ಒಂದೇ ಕೆಲಸ. ಹೇಳಿದ ಮೇಲೆ ಹದಿನೈದು ಸೆಕೆಂಡ್ ಕಾಯಿರಿ. ನಿಜವಾಗಲೂ ಎಣಿಸಿ, ನಮಗೆ ಮೂರು ಸೆಕೆಂಡೇ ಹದಿನೈದರ ಥರ ಅನಿಸುತ್ತದೆ. ಹೀಗೆ ನಾಲ್ಕು ಸಲ. ನಾಲ್ಕರಲ್ಲಿ ಮೂರು ಸಲ ಬಂದರೆ ಡಾಕ್ಟರಿಗೆ ಹೇಳುವಂಥ ವಿಷಯ. ಒಂದು ಸಲ ಬಂದರೆ ಬರೆದಿಟ್ಟುಕೊಳ್ಳಿ, ಅಷ್ಟೇ.

ಕನ್ನಡಿ ಪರೀಕ್ಷೆ ನನಗೆ ಇವೆಲ್ಲಕ್ಕಿಂತ ಇಷ್ಟ. ಅರಿವು ಮರಳುವಾಗ ಎಷ್ಟೋ ಜನರಲ್ಲಿ ಮೊದಲು ಕಾಣೋದು ಕಣ್ಣಿನ ಹಿಂಬಾಲಿಸುವಿಕೆ, ಅದರಲ್ಲೂ ಸ್ವಂತ ಮುಖ ಕಂಡರೆ ಕಣ್ಣು ಬೇಗ ಅಂಟಿಕೊಳ್ಳುತ್ತದೆ. ಅಂಗೈಯಗಲದ ಕನ್ನಡಿಯನ್ನು ಮುಖದಿಂದ ನಾಲ್ಕಾರು ಇಂಚು ದೂರ ಹಿಡಿದು ನಿಧಾನಕ್ಕೆ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಸರಿಸಿ. ಕಣ್ಣು ಕನ್ನಡಿ ಜೊತೆ ಹೋಗುತ್ತದಾ ನೋಡಿ. ಮೊಬೈಲ್ ಟಾರ್ಚ್ ಬೇಡ. ಬೆಳಕಿಗೆ ಪಾಪೆ ಕುಗ್ಗೋದು ಮೆದುಳಿನ ಬುಡದ ರಿಫ್ಲೆಕ್ಸ್, ಅದು ಸರಿಯಿದ್ದರೂ ಅರಿವಿದೆ ಅಂತಲ್ಲ, ಅದನ್ನು ನೋಡೋಕೆ ಡಾಕ್ಟರಿದ್ದಾರೆ.

ಕೈಕಾಲು ಏನೂ ಅಲ್ಲಾಡದೆ ಕಣ್ಣು ಮಾತ್ರ ತೆರೆದಿದ್ದರೆ "ಮೇಲೆ ನೋಡಿ, ಕೆಳಗೆ ನೋಡಿ" ಅಂತ ತಪ್ಪದೆ ಕೇಳಿ. ಲಾಕ್ಡ್ ಇನ್ ಅಂತ ಒಂದು ಸ್ಥಿತಿ ಇದೆ. ಪೂರ್ತಿ ಅರಿವಿರುತ್ತದೆ, ಆದರೆ ಕಣ್ಣನ್ನು ಮೇಲೆ ಕೆಳಗೆ ಆಡಿಸೋದು ಮತ್ತು ರೆಪ್ಪೆ ಬಡಿಯೋದು ಬಿಟ್ಟರೆ ಬೇರೇನೂ ಕೈಲಾಗೋದಿಲ್ಲ.

ಮಾಡಬಾರದ್ದೂ ಇದೆ. ಚಿವುಟಬೇಡಿ, ಎದೆಮೂಳೆ ಉಜ್ಜಬೇಡಿ, ಅದು ಡಾಕ್ಟರ ಕೆಲಸ. ತೀರ್ಥ ಅಂತಲೋ ಗಂಗಾಜಲ ಅಂತಲೋ ಬಾಯಿಗೆ ಒಂದು ಚಮಚ ಕೂಡ ಹಾಕಬೇಡಿ. ಕೆಮ್ಮು, ನುಂಗುವ ರಿಫ್ಲೆಕ್ಸ್ ಸೋತಿದ್ದರೆ ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಬೇಕಿದ್ದರೆ ಹಣೆಗೆ ಹಚ್ಚಿ.

"ರಿಫ್ಲೆಕ್ಸ್ ಅಷ್ಟೆ" ಅನ್ನೋದೇ ಕೊನೇ ಮಾತಾ? ಅದೂ ಅಲ್ಲ. ಹೊನ್ನಾವರದ ಹತ್ತಿರದ ಹಳದೀಪುರದ ಅರುಣಾ ಶಾನಭಾಗ್ ನೆನಪಿರಬಹುದು. 1973ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ ಆದ ಹಲ್ಲೆಯಲ್ಲಿ ಕುತ್ತಿಗೆಗೆ ನಾಯಿ ಸರಪಳಿ ಬಿಗಿದು ಮೆದುಳಿಗೆ ಆಮ್ಲಜನಕ ನಿಂತಿತ್ತು. 2015ರಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯಲ್ಲಿದ್ದರು. 2011ರಲ್ಲಿ ಅವರ ದಯಾಮರಣದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ತಜ್ಞರ ತಂಡ ವೆಜಿಟೇಟಿವ್ ಅಂದಿತು. ಅವರನ್ನು ದಶಕಗಟ್ಟಲೆ ನೋಡಿಕೊಂಡ ಆಸ್ಪತ್ರೆಯವರು, ಇಲ್ಲ, ಅವರು ಮುಖಭಾವದಲ್ಲಿ ಸ್ಪಂದಿಸುತ್ತಾರೆ ಅಂದರು. ನಾವು ಹಾಸಿಗೆ ಪಕ್ಕ ಆಡುವ ಜಗಳವನ್ನೇ ಅಲ್ಲಿ ದೇಶದ ಅತಿ ದೊಡ್ಡ ಕೋರ್ಟಿನಲ್ಲಿ ಆಡಿದರು. 2006ರಲ್ಲಿ ನರವಿಜ್ಞಾನಿ ಏಡ್ರಿಯನ್ ಓವೆನ್ ತಂಡ ವೆಜಿಟೇಟಿವ್ ಅನಿಸಿಕೊಂಡಿದ್ದ ಒಬ್ಬ ಯುವತಿಗೆ ಸ್ಕ್ಯಾನರ್ ಒಳಗೆ "ಟೆನಿಸ್ ಆಡ್ತಿದೀರಿ ಅಂತ ಊಹಿಸಿಕೊಳ್ಳಿ" ಅಂದಾಗ ಅವಳ ಮೆದುಳು ಆರೋಗ್ಯವಂತರ ಮೆದುಳಿನ ಹಾಗೇ ಬೆಳಗಿತು. 2024ರ ಒಂದು ದೊಡ್ಡ ಅಧ್ಯಯನದಲ್ಲಿ ಹೊರಗಿಂದ ಮಾತು ಕೇಳದ 241 ಜನರಲ್ಲಿ 60 ಮಂದಿಯ ಮೆದುಳು ಇಂಥ ಮಾತಿಗೆ ಉತ್ತರ ಕೊಟ್ಟಿತು. ಅದಕ್ಕೇ ಅವರ ತಲೆದೆಸೆಯಲ್ಲಿ ನಿಂತು ಖರ್ಚಿನ ಲೆಕ್ಕ, ಆಸ್ತಿ ಮಾತು ಆಡಬೇಡಿ.

ಬ್ರೇನ್ ಡೆತ್ ಮಾತ್ರ ಬೇರೆಯದೇ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತ ಆದಾಗ ಈ ಪದ ಎಲ್ಲರ ಕಿವಿಗೂ ಬಿತ್ತು, ಕೋಮಾ ಅಂತಲೇ ಎಷ್ಟೋ ಜನ ಅಂದುಕೊಂಡಿದ್ದರು. ಅಲ್ಲ. ಮೆದುಳಿನ ಬುಡವೂ ಸತ್ತಿರುತ್ತದೆ, ವೆಂಟಿಲೇಟರ್ ತೆಗೆದರೆ ಉಸಿರಿಲ್ಲ. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ಡಾಕ್ಟರುಗಳ ತಂಡ ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡುತ್ತದೆ. ಇಷ್ಟಾದ ಮೇಲೂ ಕಾಲ್ಬೆರಳು ಅದುರಬಹುದು, ಅಪರೂಪಕ್ಕೆ ತೋಳುಗಳೇ ಮೇಲೆದ್ದು ಎದೆ ಮೇಲೆ ಬೀಳಬಹುದು. ಬೆನ್ನುಹುರಿ ಇನ್ನೂ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಗೊತ್ತಿಲ್ಲದವರು ನೋಡಿದರೆ ಎದೆ ಒಡೆದು ಹೋಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಚಿಕ್ಕಮ್ಮ ಇನ್ನೂರು ಪೇಜಿನ ನೋಟ್‌ಬುಕ್ ತಂದು ದಿನಾಂಕ, ಹೊತ್ತು, ಏನು ಕೇಳಿದೆ, ನಾಲ್ಕರಲ್ಲಿ ಎಷ್ಟು ಅಂತ ಗೆರೆ ಎಳೆದುಕೊಂಡರು. ಮೊದಲ ನಾಲ್ಕು ಪೇಜ್ ಪೂರ್ತಿ ಸೊನ್ನೆ. ಐದನೇ ಪೇಜಲ್ಲಿ "ಕನ್ನಡಿ, ಬಲಕ್ಕೆ, 3" ಅಂತಿದೆ, ಪಕ್ಕದಲ್ಲೇ "ಎಡಕ್ಕೆ 0". ಅದನ್ನು ತೋರಿಸಿದ ದಿನ ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತರು. ಚಿಕ್ಕಮ್ಮನ ಕೈಯಿಂದ ಕನ್ನಡಿ ಇಸಿದುಕೊಂಡು ತಾವೇ ಬಲಕ್ಕೆ ಸರಿಸತೊಡಗಿದರು.