ಕಿಟಕಿ ಕೆಳಗಿನ ಪುಡಿ

ಕೊಡಗಿನ ನಾಪೋಕ್ಲು ಕಡೆ ನಮ್ಮದು ಅಜ್ಜನ ಕಾಲದ ಹೆಂಚಿನ ಮನೆ, ಸುತ್ತ ಕಾಫಿ ತೋಟ. ಮೂರು ವರ್ಷದ ಹಿಂದೆ ಕಿಟಕಿ ಚೌಕಟ್ಟು ತಟ್ಟಿದರೆ ಟೊಳ್ಳು ಸದ್ದು. ಅಂಗಡಿಯವರೊಬ್ಬರ ಮಾತು ಕೇಳಿ ಮನೆ ಸುತ್ತ ಚರಂಡಿ ತೋಡಿಸಿ ಗೆದ್ದಲಿನ ಔಷಧಿ ಸುರಿಸಿದೆ. ಮರುವರ್ಷ ಅದೇ ಕಿಟಕಿ ಕೆಳಗೆ ಮತ್ತೆ ಪುಡಿ. ದುಡ್ಡು ನಿಜಕ್ಕೂ ಮಣ್ಣುಪಾಲು.

ಪುಡಿಯನ್ನು ಬಿಳಿ ಹಾಳೆಗೆ ಉದುರಿಸಿ ಮಗಳ ಭೂತಗನ್ನಡಿಯಲ್ಲಿ ನೋಡಿದೆ. ಮರದ ಹೊಟ್ಟಲ್ಲ, ಗಸಗಸೆಯಂಥ ಕಾಳು. ಒಂದೊಂದಕ್ಕೂ ಆರು ಮಗ್ಗುಲು. ಒಣಮರದ ಗೆದ್ದಲಿನ ಹಿಕ್ಕೆ ಅದು. ಈ ಜಾತಿಗೆ ಮಣ್ಣಿನ ಸಹವಾಸವೇ ಇಲ್ಲ. ಹುಟ್ಟು, ಊಟ, ಸಾವು ಎಲ್ಲ ಮರದೊಳಗೇ. ನೀರು ಪೋಲಾಗಬಾರದೆಂದು ಹಿಕ್ಕೆಯನ್ನೂ ಹಿಂಡಿ ಒಣಗಿಸಿ ತೂತಿನಿಂದ ಆಚೆ ತಳ್ಳುತ್ತದೆ. ಚೌಕಟ್ಟು ಸೀಳಿದಾಗ ಸಿಕ್ಕ ಸೈನಿಕ ಗೆದ್ದಲಿನ (ಗೂಡು ಕಾಯುವುದರ) ತಲೆ ಕಪ್ಪಗೆ, ಮೊಂಡಾಗಿ, ಥೇಟ್ ಬಿರಡೆ. ಇರುವೆ ನುಗ್ಗಿದರೆ ಆ ತಲೆಯೇ ಬಾಗಿಲು. ಅಂಗಳದಲ್ಲಿ ಸುರಿದ ಔಷಧಿ ಇವಕ್ಕೆ ಹೇಗೆ ಮುಟ್ಟೀತು?

ತೋಟದ ಹುತ್ತದ್ದು ಬೇರೆಯೇ ಸಂಸಾರ. ಜೀಪಿನ ದಾರಿಗೆ ಅಡ್ಡವಿದ್ದ ಒಂದನ್ನು ಅಗೆಸಿದಾಗ ಒಳಗೆ ಸ್ಪಂಜಿನಂಥ ಕಂದು ಹಲ್ಲೆಗಳು, ಮೇಲೆಲ್ಲ ಸಾಸಿವೆಗಿಂತ ಸಣ್ಣ ಬಿಳಿ ಮಣಿ. ಒಣ ಎಲೆ, ಕಡ್ಡಿ, ಸತ್ತ ತೊಗಟೆ ತಿಂದು, ಆ ಹಿಕ್ಕೆಯ ಮೇಲೆ ಶಿಲೀಂಧ್ರ ಬೆಳೆದು, ಅದನ್ನು ಉಣ್ಣುವ ಬೇಸಾಯಗಾರ ಇದು. ಸಿಲ್ವರ್ ಓಕಿಗೆ ಮಣ್ಣು ಮೆತ್ತಿ ಹತ್ತುವುದೂ ಇದೇ. ಕೆರೆದು ನೋಡಿದರೆ ತಿಂದದ್ದು ಹೆಚ್ಚಾಗಿ ಸತ್ತ ತೊಗಟೆಯನ್ನು ಮಾತ್ರ. ಮಳೆಗಾಲದಲ್ಲಿ ಆ ಶಿಲೀಂಧ್ರವೇ ನೆಲ ಸೀಳಿ ಕುಮ್ಮಾಗಿ, ಅಂದರೆ ಅಣಬೆಯಾಗಿ ಏಳುತ್ತದೆ. ಅವ್ವ ಆ ಜಾಗಗಳನ್ನು ಪಕ್ಕದ ಮನೆಯವರಿಗೂ ಹೇಳುತ್ತಿರಲಿಲ್ಲ.

ಕಾಡಂಚಿನ ಒಂದು ಮರದಲ್ಲಿ ಮೂರನೆಯದೂ ಇದೆ; ರಟ್ಟಿನಂಥ ಕರಿಗೂಡು. ಕಡ್ಡಿ ತಾಗಿಸಿದೆ, ಚೂಪು ಮೂತಿಯ ಸೈನಿಕರು ಕಡ್ಡಿಗೆ ಅಂಟು ಚಿಮ್ಮಿದವು. ಮನೆಗೆ ಕಾಟವಿಲ್ಲ, ಬಿಟ್ಟೆ.

ಕಿಟಕಿಗೆ ಮಾಡಿದ್ದು ಇಷ್ಟೆ: ಟೊಳ್ಳಾದ ಭಾಗ ಕತ್ತರಿಸಿ ಒಲೆಗೆ ಹಾಕಿದೆ. ಉಳಿದದ್ದರ ಪೇಂಟ್ ಪೂರ್ತಿ ಕೆರೆದು ಬೋರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರನ್ನು ಎರಡು ಸಲ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಬಣ್ಣ ಬಳಿದೆ. ಪೇಂಟ್ ಮೇಲೆ ಹಚ್ಚಿದರೆ ಒಳಗೆ ಇಳಿಯುವುದಿಲ್ಲ, ಮೊದಲ ಸಲ ಅಲ್ಲೇ ಎಡವಿದ್ದೆ.

ಈ ಬೇಸಿಗೆ ಪೂರ್ತಿ ಕಿಟಕಿ ಕೆಳಗೆ ಬಿಳಿ ಹಾಳೆ ಹಾಸಿಟ್ಟಿದ್ದೆ. ಒಂದು ಕಾಳೂ ಬಿದ್ದಿಲ್ಲ. ಅಟ್ಟದ ತೊಲೆ ನೋಡುವುದು ಬಾಕಿಯಿದೆ, ಏಣಿಯ ಎರಡು ಮೆಟ್ಟಿಲು ಟೊಳ್ಳು.