ಬ್ಯಾಡಗಿ ಮೆಣಸಿನಕಾಯಿ ಹಾಕಿ ಶಿಆನ್‌ನ ಪಟ್ಟಿ ನೂಡಲ್ಸ್

ನನ್ನ ಅಣ್ಣನ ಮಗ ಓದಲು ಚೀನಾದ ಶಿಆನ್‌ನಲ್ಲಿದ್ದ. ರಜೆಗೆ ಬಂದಾಗ ನಮ್ಮ ಹುಬ್ಬಳ್ಳಿ ಮನೆಯ ಅಡುಗೆಕಟ್ಟೆಯ ಮೇಲೆ ಹಿಟ್ಟಿನ ಪಟ್ಟಿಯನ್ನು ಬಡಿದು ಬಡಿದು ಎಳೆದು ತೋರಿಸಿದ. ಆ ‘ಬ್ಯಾಂಗ್ ಬ್ಯಾಂಗ್’ ಸದ್ದೇ ಈ ನೂಡಲ್ಸ್‌ನ ಹೆಸರು ಎನ್ನುತ್ತಾರೆ. ಒಂದೊಂದು ಪಟ್ಟಿ ಸೊಂಟದ ಬೆಲ್ಟಿನಷ್ಟು ಅಗಲ. ಮೇಲೆ ಖಾರದ ಪುಡಿ ಹಾಕಿ ಕಾದ ಎಣ್ಣೆ ಸುರಿದರೆ ಅದು ಯೊಪೊ ಮ್ಯೆನ್. ಶಿಆನ್ ಇರುವುದು ಶಾನ್‌ಶಿ ಪ್ರಾಂತ್ಯದಲ್ಲಿ. ಅಲ್ಲಿ ಅನ್ನಕ್ಕಿಂತ ಗೋಧಿಯದೇ ಊಟ ಜಾಸ್ತಿ. ಗಾಡಿಯ ಗೋಬಿ ಮಂಚೂರಿ ನನಗೂ ಇಷ್ಟ, ಆದರೆ ಅದು ಹುಟ್ಟಿದ್ದು ಭಾರತದಲ್ಲಿ. ಇದರ ರುಚಿಯೇ ಬೇರೆ.

ಇಬ್ಬರಿಗೆ 300 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು, 150 ಮಿಲಿ ನೀರು ಸಾಕು. ಗಟ್ಟಿಯಾಗಿ ಕಲಸಿ 20 ನಿಮಿಷ ಮುಚ್ಚಿಡಿ. ಮತ್ತೆ ನುಣ್ಣಗಾಗುವವರೆಗೆ ನಾದಿ. ಆರು ಭಾಗ ಮಾಡಿ, ಬೆರಳುದ್ದ ಹೊಸೆದು, ಎಣ್ಣೆ ಸವರಿ ಎರಡು ತಾಸು ಮುಚ್ಚಿಡಿ. ಹೋಳಿಗೆಯ ಕಣಕವನ್ನು ಎಣ್ಣೆಯಲ್ಲಿ ನೆನೆಯಲು ಬಿಡುತ್ತೇವಲ್ವಾ, ಹಾಗೇ. ಮೊದಲ ಸಲ ನಾನು ಅರ್ಧ ತಾಸಿಗೇ ಎಳೆಯಲು ಹೋದೆ. ಪಟ್ಟಿ ಪಟ್ಟನೆ ಹರಿಯಿತು. “ಅತ್ಯಾ, ಗಡಿಬಿಡಿ ಮಾಡಬ್ಯಾಡ, ಇನ್ನೂ ನೆನೀಲಿ,” ಅಂದ ಹುಡುಗ. ಅವನು ಹೇಳಿದ್ದು ನಿಜ. ಎರಡು ತಾಸು ಬಿಟ್ಟ ಹಿಟ್ಟು ಕೈಗೆ ತಾನೇ ಬರುತ್ತದೆ.

ಅಷ್ಟರಲ್ಲಿ ಖಾರ ಮಾಡಿಕೊಳ್ಳಿ. ಇದನ್ನು ಮಾತ್ರ ಪ್ಯಾಕೆಟ್ಟಿನ ನುಣ್ಣನೆ ಪುಡಿಯಲ್ಲಿ ಮಾಡಬೇಡಿ, ಎಣ್ಣೆ ಬಿದ್ದ ಕೂಡಲೇ ಕಪ್ಪಾಗಿ ಕಹಿಯಾಗುತ್ತದೆ. ಶಾನ್‌ಶಿಯವರು ಬಳಸುವ ಮೆಣಸಿನಕಾಯಿ ಉದ್ದ, ಸಪೂರ. ಅದಕ್ಕೆ ಖಾರಕ್ಕಿಂತ ಬಣ್ಣ, ಘಮ ಜಾಸ್ತಿ. ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಅದರ ತಂಗಿಯಂತಿದೆ! ಹತ್ತು ಕಾಯಿಯ ತೊಟ್ಟು ತೆಗೆದು, ಹಂಚಿನ ಮೇಲೆ ಸುಮ್ನೆ ಬೆಚ್ಚಗೆ ಮಾಡಿ, ತರಿತರಿಯಾಗಿ ಕುಟ್ಟಿ. ಬೀಜ ಕಾಣಬೇಕು. ಅವರು ಹಾಕುವ ಜುಮ್ಮೆನ್ನುವ ಸಿಚುವಾನ್ ಮೆಣಸಿನ ಬದಲು ಶಿರಸಿ ಕಡೆಯ ಜುಮ್ಮನಕಾಯಿ ಹಾಕಬಹುದು, ಎರಡೂ ಒಂದೇ ಬಳಗದವು. ಕರಿ ಬೀಜ ತೆಗೆದು ಸಿಪ್ಪೆ ಮಾತ್ರ, ಒಂದು ಚಿಟಿಕೆ ಸಾಕು.

ಈಗ ಎಳೆಯೋದು. ಒಂದು ತುಂಡನ್ನು ಅಂಗೈಯಿಂದ ಒತ್ತಿ, ಲಟ್ಟಿಸಿ ಅಗಲ ಮಾಡಿ. ನಡುವೆ ಉದ್ದಕ್ಕೂ ತೆಳು ಕಡ್ಡಿಯಿಂದ ಒತ್ತಿ ಗೆರೆ ಮೂಡಿಸಿ. ಎರಡೂ ತುದಿ ಹಿಡಿದು, ಮೆಲ್ಲಗೆ ಎಳೆಯುತ್ತಾ ಕಟ್ಟೆಗೆ ಬಡಿಯಿರಿ. ತುದಿಯನ್ನು ಚಿವುಟಿ ಹಿಡಿಯಬೇಡಿ, ಬೆರಳುಗಳ ಮೇಲೆ ಕೂರಿಸಿಕೊಳ್ಳಿ. ಮಾರುದ್ದ ಬಂದ ಮೇಲೆ ಗೆರೆಯ ಗುಂಟ ಸೀಳಿದರೆ ದೊಡ್ಡ ಉಂಗುರವಾಗುತ್ತದೆ. ನೇರ ಕುದಿಯುವ ನೀರಿಗೆ ಬಿಡಿ. ಎರಡು ನಿಮಿಷ, ಕೊನೆಗೆ ಒಂದು ಹಿಡಿ ಪಾಲಕ್.

ಪ್ರತಿ ಬಟ್ಟಲಿನ ತಳಕ್ಕೆ ಒಂದು ದೊಡ್ಡ ಚಮಚ ಸೋಯಾ ಸಾಸ್, ಒಂದು ಸಣ್ಣ ಚಮಚ ವಿನೆಗರ್. ಅದರ ಮೇಲೆ ಬಸಿದ ನೂಡಲ್ಸ್. ನಡುವೆ ಗುಡ್ಡೆಯಾಗಿ ಕುಟ್ಟಿದ ಖಾರ, ಸಣ್ಣಗೆ ಹೆಚ್ಚಿದ ಬಳ್ಳೊಳ್ಳಿ, ಉಳ್ಳಾಗಡ್ಡಿ ತಪ್ಪಲು, ಚಿಟಿಕೆ ಉಪ್ಪು. ಬಟ್ಟಲಿಗೆ ಮೂರು ದೊಡ್ಡ ಚಮಚದಂತೆ ಶೇಂಗಾ ಎಣ್ಣೆ ಕಾಯಿಸಿ. ತೆಳು ಹೊಗೆ ಕಂಡ ಕೂಡಲೇ ಒಲೆ ಆರಿಸಿ, ಅರ್ಧ ನಿಮಿಷ ತಡೆದು ಗುಡ್ಡೆಯ ಮೇಲೆ ಸುರಿಯಿರಿ. ಚುರ್ ಅನ್ನಬೇಕು. ಖಾರ ನೊರೆಯುಕ್ಕಿ, ಎಣ್ಣೆ ಕುಂಕುಮದ ಬಣ್ಣಕ್ಕೆ ತಿರುಗುತ್ತದೆ, ಬಳ್ಳೊಳ್ಳಿ ವಾಸನೆ ಪಡಸಾಲೆಯವರೆಗೂ ಹೋಗುತ್ತದೆ. ಸದ್ದೇ ಬರದಿದ್ದರೆ ಎಣ್ಣೆ ಸಾಕಷ್ಟು ಕಾದಿಲ್ಲ ಅಂತ ಅರ್ಥ.

ತಳದಿಂದ ಕಲಸಿ ತಕ್ಷಣ ತಿನ್ನಿ, ಬಿಟ್ಟರೆ ಅಂಟಿಕೊಳ್ಳುತ್ತವೆ. ನೂಡಲ್ಸ್ ಬೆಂದ ನೀರನ್ನು ಚೆಲ್ಲಬೇಡಿ. ಶಿಆನ್‌ನಲ್ಲಿ ಅದನ್ನೇ ಬಿಸಿಬಿಸಿಯಾಗಿ, ನಮ್ಮ ಗಂಜಿಯ ಹಾಗೆ, ಊಟದ ಜೊತೆ ಕುಡಿಯಲು ಕೊಡುತ್ತಾರೆ.